ಮದುವೆಯ ತಾಮ್ರಚಿತ್ರಕ್ಕೆ ಮತ್ಸರ ಹೇಳಿದ ಅರ್ಥ

ಇಂದಿನ ಸಭೆಯ ಅಧ್ಯಕ್ಷರೂ ಈ ಲಿಂಡೆನ್‌ರೋಡೆ ಸೀಮೆಯ ಒಡೆಯರೂ ಆದ ದೊರೆ ಲುಡೋಲ್ಫರೇ, ಹೊಸದಾಗಿ ಮದುವೆಯಾಗಿ ಮುಂದಿನ ಸಾಲಿಗೆ ಬೆಳಕಾಗಿರುವ ಯುವರಾಜ ಕಾಸಿಮಿರರೇ, ಯುವರಾಣಿ ಅಮಾಲಿಯವರೇ, ಯುವರಾಣಿಯವರ ತವರಾದ ಫಾಲ್ಕೆನ್‌ಮಾರ್ಕಿನಿಂದ ಕೆಟ್ಟ ರಸ್ತೆಯಲ್ಲಿ, ಕ್ಷಮಿಸಿ, ದೂರದ ರಸ್ತೆಯಲ್ಲಿ ದಯಮಾಡಿಸಿರುವ ಮುಖ್ಯ ಅತಿಥಿ, ರಾಯಭಾರಿ ಬ್ಯಾರನ್ ಫೊನ್ ಸ್ಟಾಂಗೆಯವರೇ, ನಮ್ಮ ಚಿತ್ರಶಾಲೆಯ ಮುಖ್ಯ ಗುರುಗಳಾದ ಗೊಟ್‌ಲೀಬ್ ಕುಂಕೆಲ್ ಮೇಸ್ಟ್ರೇ, ಆಸ್ಥಾನದ ಹಿರಿಯರೇ, ಹಿಂದೆ ಒತ್ತಿಕೊಂಡು ನಿಂತಿರುವ ನನ್ನ ಹಾಸ್ಟೆಲಿನ ಗೆಳೆಯರೇ, ಮತ್ತು ಇನ್ನೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನನ್ನ ಹೆಸರು ಟೊಬಿಯಾಸ್ ಪೆಂಬಲ್. ಹಾಸ್ಟೆಲಿಗೆ ಹಳಬ, ಚಿತ್ರಶಾಲೆಗೆ ಮಾತ್ರ ಮೊದಲನೇ ವರ್ಷದ ವಿದ್ಯಾರ್ಥಿ. ಈ ಸಂಬೋಧನೆಯಲ್ಲಿ ನಾನು ಯಾರನ್ನಾದರೂ ಬಿಟ್ಟಿದ್ದರೆ, ಅಥವಾ ಹಿಂದಿನವರನ್ನು ಮುಂದೆ, ಮುಂದಿನವರನ್ನು ಹಿಂದೆ ಮಾಡಿದ್ದರೆ, ಅದು ಉದ್ದೇಶದಿಂದ ಆದದ್ದಲ್ಲ, ಹೆದರಿಕೆಯಿಂದ ಆದದ್ದು.

ನಮ್ಮ ಶಾಲೆಯ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ವಾರ್ಷಿಕೋತ್ಸವದ ದಿನ ತಾಮ್ರದ ತಗಡಿನಿಂದ ಅಚ್ಚು ತೆಗೆದ ಆ ವರ್ಷದ ದೊಡ್ಡ ತಾಮ್ರಚಿತ್ರವನ್ನು ಗೋಡೆಗೆ ತೂಗುಹಾಕುತ್ತಾರೆ. ಶಾಲೆಗೆ ಎಲ್ಲರಿಗಿಂತ ಕೊನೆಯಲ್ಲಿ ಸೇರಿದವನು ಅದರ ಪಕ್ಕ ನಿಂತು, ಇವರು ಯಾರು, ಅವರು ಯಾರು, ಇದರ ಒಳಗಿನ ಅರ್ಥ ಏನು ಎಂದು ಸಭೆಗೆ ಬಿಡಿಸಿ ಹೇಳಬೇಕು. ಕೊನೆಯವನಿಗೇ ಅರ್ಥವಾದ ಮೇಲೆ ಎಲ್ಲರಿಗೂ ಅರ್ಥವಾದ ಹಾಗೆ ಎಂಬುದು ಹಿರಿಯರ ಲೆಕ್ಕ. ಅಷ್ಟೇ ಅಲ್ಲ, ಚಿತ್ರದ ಕೆಳಗೆ ನಿಂತು ಹೇಳಿದ ಮಾತು ಆಸ್ಥಾನದ ಮಾತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೋದ ವರ್ಷ ದೊರೆಗಳ ಹೊಸ ಲಾಯದ ಚಿತ್ರವಿತ್ತು. ನನ್ನ ಹಿಂದಿನವನು ಬಂದ, ಇದು ಕುದುರೆ, ಇದೂ ಕುದುರೆ ಎಂದ, ಚಪ್ಪಾಳೆ ಹೊಡೆಸಿಕೊಂಡು ಹೋದ. ನನ್ನ ಪಾಲಿಗೆ ರಾಜವಿವಾಹ ಬಂತು. ಇದಕ್ಕೆ ಏನು ಹೇಳುವುದು?

ಏನು ಹೇಳುವುದು ಎಂದು ಆಸ್ಥಾನದ ಕಾರ್ಯದರ್ಶಿಗಳು ಕಲಿಸಿಯೇ ಕಳಿಸಿದ್ದಾರೆ. ಮೊದಲು ಮದುವೆಯನ್ನು ಹೊಗಳಬೇಕು. ಆಮೇಲೆ ಚಿತ್ರವನ್ನು ವಿವರಿಸಬೇಕು. ಕೊನೆಯಲ್ಲಿ, ಚಿತ್ರದೊಳಗೆ ಮದುಮಕ್ಕಳು ಒಬ್ಬರಿಗೊಬ್ಬರು ಎಡಗೈ ಕೊಟ್ಟುಕೊಂಡಿದ್ದಾರಲ್ಲ, ಆ ತಪ್ಪು ಯಾರದೆಂದು ಹೆಸರು ಹಿಡಿದು ಹೇಳಬೇಕು. ಆ ಹೆಸರು ಕುಂಕೆಲ್ ಮೇಸ್ಟ್ರದು ಎಂಬುದನ್ನೂ ಅವರೇ ಕಲಿಸಿದ್ದಾರೆ. ನಾನು ಇಲ್ಲಿ ನಿಂತು ಅದನ್ನು ಹೇಳಿದೆನೆಂದರೆ ಮೇಸ್ಟ್ರು ಇಂದೇ ಕೆಲಸ ಬಿಡಬೇಕು, ಶಾಲೆಯ ಹಿತ್ತಿಲ ಮನೆ ಬಿಡಬೇಕು, ನಮಗೆಲ್ಲ ಅಡುಗೆ ಮಾಡಿ ಹಾಕುವ ಅವರ ಹೆಂಡತಿ ಫ್ರಾವ್ ಕುಂಕೆಲ್ ಅವರು ತಮ್ಮ ಕೋಳಿಗಳನ್ನು ಕಂಕುಳಲ್ಲಿ ಹಿಡಿದು ಎತ್ತಲೋ ನಡೆಯಬೇಕು. ಗಾಬರಿಯಾಗಬೇಡಿ, ಇನ್ನೂ ಹೇಳಿಲ್ಲ. ಈಗ ಆಡಿದ್ದು ಹೇಳಬೇಕಾದ ಮಾತಿನ ಬಗ್ಗೆ ಆಡಿದ ಮಾತು. ಹೇಳುವುದು ಕೊನೆಗೆ. ಬ್ಯಾರನ್ನರು ದಯವಿಟ್ಟು ಕುಳಿತುಕೊಳ್ಳಬೇಕು.

ಮೊದಲು ಮದುವೆ. ಮದುವೆ ಎಂದರೇನು? ಎರಡು ಮನೆತನಗಳ ಸೇರುವಿಕೆಯೆ? ಎರಡು ಮನಸ್ಸುಗಳ ಸೇರುವಿಕೆಯೆ? ಈ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಒಂದು ಹಾಸಿಗೆಯಲ್ಲಿ ಮೂವರು ಮಲಗಿ ಹೊದಿಕೆಗಾಗಿ ಎಳೆದಾಡುತ್ತೇವೆ, ಸಂಸಾರದ ಕಷ್ಟ ಅಷ್ಟರಲ್ಲಿ ತಿಳಿಯುತ್ತದೆ. ಸುಖ ಹೇಗಿರುತ್ತದೆ ಎಂಬುದನ್ನು ಮುಂದಿನ ಸಾಲಿನಲ್ಲಿ ಕೈ ಕೈ ಹಿಡಿದು ಕುಳಿತಿರುವ ಯುವರಾಜ ದಂಪತಿಗಳನ್ನು ನೋಡಿ ತಿಳಿಯಬೇಕು. ಯಾವ ಕೈ ಎಂದು ನಾನು ಇಲ್ಲಿಂದ ನೋಡುತ್ತಿಲ್ಲ. ಇಂತಹ ಮದುವೆ ಮತ್ತೆ ಮತ್ತೆ ಆಗಲಿ. ಅಂದರೆ, ಬೇರೆಯವರಿಗೆ.

ಇನ್ನು ಚಿತ್ರ. ಎಡ ಬಲ ಎಂಬ ಮಾತು ಇಂದು ಯಾರಿಗೂ ಹಿತವಾಗಲಾರದು, ಆದ್ದರಿಂದ ನಾನು ಕಿಟಕಿಯ ಕಡೆ, ಒಲೆಯ ಕಡೆ ಎಂದು ಹೇಳುತ್ತೇನೆ.

ಕಿಟಕಿಯ ಕಡೆ, ಮೋಡದ ಮೇಲೆ ಕುಳಿತು ಕಹಳೆ ಊದುತ್ತಿರುವವಳು ಕೀರ್ತಿ. ಒಲೆಯ ಕಡೆ, ದೊಡ್ಡ ಕೊಂಬಿನಿಂದ ಹಣ್ಣು ಸುರಿಸುತ್ತಿರುವವಳು ಸಮೃದ್ಧಿ. ಈ ಮುಖವನ್ನು ಎಲ್ಲೋ ನೋಡಿದ್ದೇವಲ್ಲ ಎಂದು ನಿಮಗೆ ಅನ್ನಿಸಿದರೆ ಅದು ಸರಿ, ಮಾಂಸದಂಗಡಿಯ ಫ್ರಾವ್ ಬೋಲೆ ಅವರೇ. ಮುಖ ಮಾತ್ರ ನನ್ನದು ಬರೆಯಿರಿ, ಮೈ ಬೇರೆ ಯಾರದಾದರೂ ಹಾಕಿ ಎಂದು ಅವರು ಬೇಡಿಕೊಂಡಿದ್ದರು. ಸಮೃದ್ಧಿಗೆ ಮುಖ ಯಾರು ನೋಡುತ್ತಾರಮ್ಮ ಎಂದು ಮೇಸ್ಟ್ರು ಹೇಳಿದ ಮೇಲೆ ವಾರಗಟ್ಟಲೆ ಹಾಸ್ಟೆಲಿಗೆ ಬಂದದ್ದು ಬರೀ ಮೂಳೆ. ಕೆಳಗೆ ಕೊಡದಿಂದ ನೀರು ಸುರಿಯುತ್ತಿರುವ ಗಡ್ಡದ ಮುದುಕರು ಇಬ್ಬರು, ಒಬ್ಬರು ಫಾಲ್ಕೆನ್‌ಮಾರ್ಕಿನ ಮಹಾನದಿ, ಇನ್ನೊಬ್ಬರು ನಮ್ಮ ಹೊಳೆ. ಬೇಸಿಗೆಯಲ್ಲಿ ಬಾತುಕೋಳಿಗಳು ಕಾಲು ಒದ್ದೆ ಮಾಡಿಕೊಳ್ಳದೆ ದಾಟುವ ನಮ್ಮ ಹೊಳೆಗೆ ಇಷ್ಟು ದೊಡ್ಡ ಕೊಡ ಏಕೆ ಎಂದು ಯಾರೂ ಕೇಳಬಾರದು. ಇದು ಸಾಂಕೇತಿಕ ಚಿತ್ರ, ಇದರಲ್ಲಿ ಯಾವುದೂ ಇದ್ದ ಹಾಗೆ ಇರುವುದಿಲ್ಲ, ಇರಬೇಕಾದ ಹಾಗೆ ಇರುತ್ತದೆ.

ನಡುವೆ ಪಂಜು ಹಿಡಿದು ನಿಂತಿರುವವನು ವಿವಾಹದೇವತೆ. ಅವನ ಮುಂದೆ ಯುವರಾಜರು, ಯುವರಾಣಿಯವರು. ಅವರ ಕಾಲಡಿಯಲ್ಲಿ, ತಲೆಯ ತುಂಬ ಹಾವು ಸುತ್ತಿಕೊಂಡು, ನೆಲಕ್ಕೆ ಮುಖ ಹಚ್ಚಿ ಬಿದ್ದಿರುವ ಈ ಬಡಕಲು ಪ್ರಾಣಿ ಮತ್ಸರ. ಶುಭಕಾರ್ಯಕ್ಕೆ ಮತ್ಸರ ತಲೆ ಎತ್ತಬಾರದು, ಆದ್ದರಿಂದ ಅದನ್ನು ತುಳಿದಿದ್ದಾರೆ.

ಮತ್ಸರ ಎಂದರೆ ನಾನೇ.

ಮತ್ಸರ ಯಾವಾಗಲೂ ಮೊದಲನೇ ವರ್ಷದವನ ಪಾಲು. ಮೇಲಿನ ವರ್ಷದವರು ದೇವತೆಗಳಾಗುತ್ತಾರೆ. ನನಗೆ ಅದರಲ್ಲಿ ಬೇಸರವಿರಲಿಲ್ಲ. ಹಾವುಗಳ ಬದಲು ಮೇಸ್ಟ್ರು ನನ್ನ ತಲೆಗೆ ಸಾಸೇಜು ಕಟ್ಟಿದ್ದರು. ಹಂದಿಯ ರಕ್ತದ್ದು, ಒಳ್ಳೆಯ ಕಪ್ಪು ಬಣ್ಣದ್ದು. ವಾರಕ್ಕೊಮ್ಮೆ ಒಂದು ತುಂಡು ಸಾಸೇಜು ಕಾಣುವ ಹಾಸ್ಟೆಲಿನವನ ತಲೆಗೆ ಒಂದು ಮಾಲೆ ಸಾಸೇಜು ಕಟ್ಟಿ, ಅಲ್ಲಾಡಬೇಡ, ಮುಟ್ಟಬೇಡ, ಹೊಟ್ಟೆಕಿಚ್ಚಿನ ಮುಖ ಮಾಡು ಎಂದರೆ ಬೇರೆ ಅಭಿನಯ ಬೇಕೇ? ಆ ಮುಖದಲ್ಲಿ ಕಾಣುವುದು ಹೊಟ್ಟೆಕಿಚ್ಚಲ್ಲ, ಹೊಟ್ಟೆ.

ಈಗ ಕೈಗಳು.

ಬ್ಯಾರನ್ನರು ಇಷ್ಟು ದೂರ ಬಂದದ್ದೇ ಈ ಕೈಗಳಿಗಾಗಿ. ನಡೆದದ್ದು ಇಷ್ಟು. ಮದುವೆಗೆ ಮುಂಚೆಯೇ ಚಿತ್ರದ ಪ್ರತಿಗಳನ್ನು ಸುರುಳಿ ಸುತ್ತಿ, ಅರಗು ಹಾಕಿ, ಎಲ್ಲ ಆಸ್ಥಾನಗಳಿಗೂ ಕಳಿಸಿಯಾಗಿತ್ತು. ಫಾಲ್ಕೆನ್‌ಮಾರ್ಕಿನ ಒಡೆಯರು ಸುರುಳಿ ಬಿಚ್ಚಿದರು. ಚಿತ್ರದಲ್ಲಿ ಎಲ್ಲರೂ ಸರಿಯಾಗಿದ್ದಾರೆ. ಕೀರ್ತಿ ಬಲಗೈಯಲ್ಲಿ ಕಹಳೆ ಹಿಡಿದಿದ್ದಾಳೆ, ದೇವತೆ ಬಲಗೈಯಲ್ಲಿ ಪಂಜು ಹಿಡಿದಿದ್ದಾನೆ, ಯುವರಾಜರ ಕತ್ತಿ ಇರಬೇಕಾದ ಮಗ್ಗುಲಲ್ಲಿದೆ. ಮದುಮಕ್ಕಳು ಮಾತ್ರ ಒಬ್ಬರಿಗೊಬ್ಬರು ಎಡಗೈ ಕೊಟ್ಟಿದ್ದಾರೆ. ಉಳಿದ ಬಲಗೈಗಳು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಗಾಳಿಯಲ್ಲಿವೆ.

ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತೇ? ಬಲಗೈ ಹಿಡಿದು ಬಂದವಳು ರಾಣಿ, ಅವಳ ಮಗ ರಾಜ. ಎಡಗೈ ಹಿಡಿದು ಬಂದವಳು ಹೆಂಡತಿ ಹೌದು, ಪಾದ್ರಿಯ ಮುಂದೆಯೇ ಮದುವೆಯಾದವಳು ಹೌದು, ಆದರೆ ಅಷ್ಟೇ. ಕುಲ ಕಡಿಮೆಯಾದ ಹೆಣ್ಣನ್ನು ರಾಜರ ಮನೆಯವರು ಮದುವೆಯಾಗುವ ದಾರಿ ಅದು. ಅವಳಿಗೆ ಗಂಡನ ಬಿರುದಿಲ್ಲ, ಸಭೆಯಲ್ಲಿ ಆಸನವಿಲ್ಲ, ಅವಳ ಮಗನಿಗೆ ತಂದೆಯ ಹೆಸರೂ ಇಲ್ಲ. ನಮ್ಮ ಮಗಳು ಎಡಗೈ ಹೆಂಡತಿ ಎಂದು ಎಲ್ಲ ಆಸ್ಥಾನಗಳಿಗೂ ಅಚ್ಚು ಹಾಕಿಸಿ ಹಂಚಿದ್ದೀರಾ ಎಂದು ಯುವರಾಣಿಯವರ ತಂದೆ ಕೇಳಿದರೆ ಅವರದು ತಪ್ಪೇ? ತಪ್ಪು ಮಾಡಿದವನ ಹೆಸರು ತುಂಬಿದ ಸಭೆಯಲ್ಲಿ ಹೇಳಬೇಕು, ಇಲ್ಲವೇ ಮಗಳನ್ನು ತವರಿಗೆ ಕರೆಸಿಕೊಳ್ಳುತ್ತೇವೆ ಎಂದರು. ಯುವರಾಣಿಯವರು ತಾವು ಹೋಗುವುದಿಲ್ಲ ಎಂದು ಹೇಳಿದ್ದಾರಂತೆ. ಆದರೆ ಅವರನ್ನು ಯಾರೂ ಕೇಳಿರಲಿಲ್ಲ.

ಎಡಗೈ ಮದುವೆಯ ವಿಚಾರ ನನಗೆ ಇಷ್ಟು ಹೇಗೆ ಗೊತ್ತು ಎಂದು ನೀವು ಕೇಳಬಹುದು. ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಮಾತು ಮುಂದುವರಿದಷ್ಟೂ ಕೊನೆಯ ಮಾತು ದೂರವಾಗುತ್ತದೆ. ನನ್ನ ಅಮ್ಮನೇ ಎಡಗೈ ಹೆಂಡತಿ.

ಅಮ್ಮ ಇಂಗ್ಲೆಂಡಿನವಳು. ಮಾರ್ಗರಿ ಪೆಂಬಲ್. ಯುವರಾಜ ಕಾಸಿಮಿರರು ಚಿಕ್ಕವರಿದ್ದಾಗ, ಅವರ ತಾಯಿ ದೊಡ್ಡರಾಣಿಯವರು ತೀರಿಹೋದ ಮೇಲೆ, ಅರಮನೆಯಲ್ಲಿ ಅವರಿಗೆ ಇಂಗ್ಲಿಷ್ ಕಲಿಸಲು ಬಂದವಳು. ಆಮೇಲೆ ಏನಾಯಿತೋ, ಇದ್ದಕ್ಕಿದ್ದಂತೆ ಕಾಡಿನಂಚಿನ ಮನೆಗೆ ಹೋದಳು. ಅಲ್ಲಿಯ ಬೇಟೆಮನೆಯ ಪುಟ್ಟ ಗುಡಿಯಲ್ಲಿ, ಪಾದ್ರಿಯೊಬ್ಬರು, ಸಾಕ್ಷಿಗೆ ಇಬ್ಬರು, ಅಷ್ಟೇ ಜನರ ನಡುವೆ ಅವಳ ಮದುವೆಯಾಯಿತಂತೆ. ಗಂಡ ಯಾರು ಎಂದು ನನಗೆ ಹೇಳಿಲ್ಲ. ಚಿಕ್ಕಂದಿನಲ್ಲಿ ಕೇಳಿದ್ದೆ.

"ಅಮ್ಮ, ಅಪ್ಪ ಎಲ್ಲಿ?"

"ಬೇಟೆಗೆ ಹೋಗಿದಾರೆ."

"ಯಾವಾಗ ಬರ್ತಾರೆ?"

"ಜಿಂಕೆಗಳು ಮುಗಿದ್ಮೇಲೆ."

ಬಹಳ ದಿನ ನಾನು ಜಿಂಕೆಗಳು ಬೇಗ ಮುಗಿಯಲಿ ಎಂದು ಪ್ರಾರ್ಥನೆ ಮಾಡುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನನ್ನು ಅರೆ ಇಂಗ್ಲಿಷ್ ಎಂದು ಕರೆಯುತ್ತಾರೆ. ಉಳಿದ ಅರೆ ಯಾವುದು ಎಂದು ಕೇಳಿದರೆ ನಾನೂ ಅದನ್ನೇ ಹುಡುಕುತ್ತಿದ್ದೇನೆ ಎನ್ನುತ್ತಿದ್ದೆ.

ಆ ಮನೆಗೆ ನಾನು ಚಿಕ್ಕವನಿದ್ದಾಗ ಒಬ್ಬರು ಬರುತ್ತಿದ್ದರು. ಹಸಿರು ಕೋಟು, ದೊಡ್ಡ ಬೂಟು, ಜೊತೆಗೊಂದು ನಾಯಿ. ಅರಣ್ಯದ ಅಧಿಕಾರಿ ಇರಬೇಕೆಂದುಕೊಂಡಿದ್ದೆ. ಅಮ್ಮನ ಗಿಡ್ಡ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವ ಹಾಗೆ ಕುಳಿತುಕೊಳ್ಳುತ್ತಿದ್ದರು. ಅಮ್ಮ ಚಹಾ ಕೊಡುತ್ತಿದ್ದಳು. ಅವರು ಒಂದು ಗುಟುಕು ಕುಡಿದು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು.

"ಈ ಕಷಾಯ ಕುಡ್ಕೊಂಡು ನಿಮ್ಮೋರು ಸಮುದ್ರ ಹೆಂಗೆ ದಾಟಿದ್ರು, ಮಾರ್ಗರಿ?"

"ಕುಡ್ದೇ ದಾಟಿದ್ದು. ವಾಪಸ್ ಹೋಗ್ದೇ ಇರೋಕೆ ಬೇರೆ ಕಾರಣ ಇದೆ," ಎಂದು ಅಮ್ಮ ಗದ್ದದಿಂದ ನನ್ನ ಕಡೆ ತೋರಿಸುತ್ತಿದ್ದಳು.

ನಾನು ಅವರ ನಾಯಿಯ ಚಿತ್ರ ಬರೆದುಕೊಟ್ಟಿದ್ದೆ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಹುಡುಗನ ಕೈ ಚೆನ್ನಾಗಿದೆ, ಶಾಲೆಗೆ ಸೇರಿಸೋಣ ಎಂದರು. ಅಮ್ಮ ಒಪ್ಪಿದಳೋ ಇಲ್ಲವೋ ನೆನಪಿಲ್ಲ. ಆ ಚಳಿಗಾಲವೇ ನಾನು ಹಾಸ್ಟೆಲಿನಲ್ಲಿದ್ದೆ. ಆಸ್ಥಾನದ ಖರ್ಚಿನಲ್ಲಿ ಓದು, ಆಸ್ಥಾನದ ಖರ್ಚಿನಲ್ಲಿ ಊಟ, ಕ್ರಿಸ್‌ಮಸ್ಸಿಗೆ ಒಳ್ಳೆಯ ಬಟ್ಟೆಯ ಕೋಟು. ಅರಣ್ಯದ ಅಧಿಕಾರಿಗೆ ಅಷ್ಟೆಲ್ಲ ಅಧಿಕಾರ ಇರುತ್ತದೆಯೇ ಎಂದು ನಾನು ಯೋಚಿಸಲಿಲ್ಲ. ಊಟ ಸಿಗುವಾಗ ಯಾರು ಯೋಚಿಸುತ್ತಾರೆ?

ವಿಷಯ ಬಿಟ್ಟು ಎಲ್ಲಿಗೋ ಹೋದೆ. ಕೆಮ್ಮುತ್ತಿರುವ ಹಿರಿಯರಿಗೆ ನೀರು ಕೊಡಿ, ಮೂರನೇ ಸಾಲಿನಲ್ಲಿ. ನಾಲ್ಕನೇ ಸಾಲಿಗೂ ಕೊಡಿ.

ಕೈಗಳ ವಿಷಯಕ್ಕೆ ಬರೋಣ. ತಾಮ್ರದ ತಗಡಿಗೆ ಮೇಣ ಸವರಿ, ಸೂಜಿಯಲ್ಲಿ ಗೀರಿ ಚಿತ್ರ ಬರೆದು, ಆಸಿಡ್ಡಿನಲ್ಲಿ ಮುಳುಗಿಸುತ್ತೇವೆ. ಗೀರಿದ ಕಡೆ ತಾಮ್ರ ತಿಂದುಹೋಗುತ್ತದೆ. ಅಲ್ಲಿ ಮಸಿ ತುಂಬಿ ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ ತಿರುಗಿಕೊಂಡು ಬರುತ್ತದೆ. ಕನ್ನಡಿಯಲ್ಲಿ ಮುಖ ನೋಡಿಕೊಂಡ ಹಾಗೆ. ಕಾಗದದಲ್ಲಿ ಬಲಗೈ ಕಾಣಬೇಕಾದರೆ ತಗಡಿನಲ್ಲಿ ಎಡಗೈ ಬರೆಯಬೇಕು. ಕುಂಕೆಲ್ ಮೇಸ್ಟ್ರು ತಗಡಿನಲ್ಲಿ ಎಡಗೈಯನ್ನೇ ಬರೆದಿದ್ದರು. ಬ್ಯಾರನ್ನರು ಇದನ್ನು ಗಮನಿಸಬೇಕು. ಮೊದಲು ಬರೆದದ್ದು ಸರಿಯಾಗಿಯೇ ಇತ್ತು.

ಹಾಗಾದರೆ ಬದಲಾದದ್ದು ಹೇಗೆ?

ಒಂದು ಬೆಳಿಗ್ಗೆ ನಾನು ಶಾಲೆಯ ಅಚ್ಚಿನ ಕಾರ್ಖಾನೆಯ ನೆಲದ ಮೇಲೆ ಮತ್ಸರವಾಗಿ ಬಿದ್ದಿದ್ದೆ. ಮುಖ ನೆಲಕ್ಕೆ, ಸಾಸೇಜು ಕಣ್ಣಿಗೆ. ಬಾಗಿಲು ತೆರೆಯಿತು. ಮೇಸ್ಟ್ರು ಎದ್ದು ನಿಂತ ಸದ್ದು, ಫ್ರಾವ್ ಕುಂಕೆಲ್ ಅವರ ಪಾತ್ರೆ ಬಿದ್ದ ಸದ್ದು. ನನಗೆ ಕಂಡದ್ದು ಒಂದು ಜೊತೆ ಬೂಟು ಮತ್ತು ಒಂದು ನಾಯಿ. ನಾಯಿ ನೇರವಾಗಿ ನನ್ನ ಹಾವುಗಳ ಹತ್ತಿರ ಬಂತು. ಬಂದವರು ನಮ್ಮ ದೊರೆಗಳು. ಹೇಳದೆ ಕೇಳದೆ, ಮದುವೆಯ ಚಿತ್ರ ಎಲ್ಲಿಗೆ ಬಂತು ನೋಡಲು ತಾವೇ ಬಂದಿದ್ದರು.

"ಇದ್ಯಾರು ಕೆಳಗೆ?" ಎಂದರು ದೊರೆಗಳು.

"ಮತ್ಸರ, ದೊರೆಗಳೇ," ಎಂದರು ಮೇಸ್ಟ್ರು.

"ಮತ್ಸರಕ್ಕೆ ಹೆಸರಿಲ್ವಾ?"

ನಾನು ನೆಲಕ್ಕೆ ಹೇಳಿದೆ, ಟೊಬಿಯಾಸ್ ಪೆಂಬಲ್ ಎಂದು. ಬೂಟು ಇದ್ದಲ್ಲೇ ನಿಂತಿತು. ನಾಯಿ ನನ್ನ ಒಂದು ಹಾವನ್ನು ತಿಂದು ಮುಗಿಸಿ ಎರಡನೆಯದಕ್ಕೆ ಬಾಯಿ ಹಾಕಿತು, ಯಾರೂ ತಡೆಯಲಿಲ್ಲ. ಆಮೇಲೆ ಬೂಟು ತಗಡು ಇಟ್ಟಿದ್ದ ಮೇಜಿನ ಕಡೆ ಹೋಯಿತು.

"ಇದೇನು, ಕುಂಕೆಲ್?"

"ಕೈ, ದೊರೆಗಳೇ."

"ಯಾವ ಕೈ?"

"ಎಡಗೈ, ದೊರೆಗಳೇ. ಆದ್ರೆ ಅದು..."

"ಹುಡುಗನ್ನ ಮದುಮಕ್ಕಳ ಕಾಲ್ಕೆಳಗೆ ಮಲಗ್ಸಿದೀಯ. ಮೇಲೆ ಎಡಗೈ ಬರ್ದಿದೀಯ. ಯಾರಿಗೆ ಬುದ್ಧಿ ಹೇಳೋಕೆ ಹೊರ್ಟಿದೀಯ ನೀನು?"

ಮೇಸ್ಟ್ರಿಗೆ ಏನೂ ತಿಳಿಯಲಿಲ್ಲ. ಬುದ್ಧಿ ಅಲ್ಲ ದೊರೆಗಳೇ, ಎಡ ಎನ್ನುವುದು ಇಲ್ಲಿ ಎಂದು ಶುರು ಮಾಡಿದರು. ಆ ಮಾತು ನನ್ನ ಮುಂದೆ ಇನ್ನೊಂದು ಸಲ ಎತ್ತಬೇಡ, ಬಲಗೈ ಮಾಡು, ಈಗಲೇ ಮಾಡು ಎಂದು ದೊರೆಗಳು ಮೇಜು ಕುಟ್ಟಿದರು. ಸಭಿಕರೇ, ನೀವೇ ಪ್ರಯತ್ನ ಮಾಡಿ ನೋಡಿ. ಎಡ ಎಂಬ ಮಾತು ಆಡದೆ ತಗಡು ಮತ್ತು ಕಾಗದದ ವ್ಯತ್ಯಾಸ ವಿವರಿಸಲು ಆಗುತ್ತದೆಯೇ? ಮೇಸ್ಟ್ರು ಪ್ರಯತ್ನ ಮಾಡಿದರು. ಈ ಕೈಯಲ್ಲದ ಆ ಕೈ, ಎಂದರು. ಊಟ ಮಾಡದ ಕೈ, ಎಂದರು. ಕೊನೆಗೆ ತಮ್ಮ ಎರಡೂ ಕೈಗಳನ್ನು ಎತ್ತಿ ಅದಲು ಬದಲು ಮಾಡಿ ತೋರಿಸಿದರು. ಕುಣಿಯುತ್ತೀಯಾ ಎಂದು ದೊರೆಗಳು ಇನ್ನಷ್ಟು ಸಿಟ್ಟಾದರು.

ಮೇಸ್ಟ್ರು ನನ್ನ ಗುರುಗಳು, ಆದರೂ ಒಂದು ಮಾತು ಹೇಳಬೇಕು. ಅವರಿಗೂ ಸಿಟ್ಟು ಕಡಿಮೆಯಿಲ್ಲ. ಬಲಗೈ ಬೇಕಂತೆ, ತಗೊಳ್ಳಲಿ ಎಂದು ಗೊಣಗುತ್ತಾ, ಅಷ್ಟು ಚಂದದ ಕೈಗಳನ್ನು ತಗಡಿನಿಂದ ಉಜ್ಜಿ ಹಾಕಿ ಹೊಸದಾಗಿ ಬರೆಯಲು ಕುಳಿತರು. ಮೇಸ್ಟ್ರೇ, ಇದು ಅಚ್ಚಿನಲ್ಲಿ ತಿರುಗುತ್ತದಲ್ಲವೇ ಎಂದು ನಾನು ಕೆಳಗಿನಿಂದ ಕೇಳಿದೆ.

"ಗೊತ್ತು ಕಣೋ. ಮತ್ಸರ ಮಾತಾಡಲ್ಲ, ಬಿದ್ಕೋ."

ಅಚ್ಚು ಬಂದ ಮೇಲೆ ಅವರ ಸಿಟ್ಟು ಇಳಿದು ಭಯ ಹತ್ತಿತು. ಅರಮನೆಗೆ ಹೋದರು. ವಿಷಯವೇನು ಎಂದು ಕಾರ್ಯದರ್ಶಿಗಳು ಕೇಳಿದರು. ಆಡಬಾರದೆಂದು ದೊರೆಗಳೇ ಅಪ್ಪಣೆ ಮಾಡಿದ ಮಾತನ್ನು ಹೇಗೆ ಆಡುವುದು? ಸುಮ್ಮನೆ ಕೈ ತೋರಿಸಿದರು. ಕಾರ್ಯದರ್ಶಿಗಳು ಕೈ ಕುಲುಕಿ ಕಳಿಸಿದರು. ಸುರುಳಿಗಳು ಊರೂರಿಗೆ ಹೋದವು.

ಒಂದು ಸಂಗತಿ ಬಿಟ್ಟೆ. ಅಂದು ಹೊರಡುವಾಗ ದೊರೆಗಳು ಒಲೆಯ ಮೇಲಿದ್ದ ಚಹಾದ ಪಾತ್ರೆ ನೋಡಿದರು. ಅಮ್ಮ ಹಬ್ಬಕ್ಕೆಂದು ಫ್ರಾವ್ ಕುಂಕೆಲ್ ಅವರಿಗೆ ಕಳಿಸಿದ ಚಹಾ. ದೊರೆಗಳು ಮುಚ್ಚಳ ತೆಗೆದು ಮೂಸಿ, ತಮ್ಮಷ್ಟಕ್ಕೇ ಮೆಲ್ಲಗೆ ಹೇಳಿಕೊಂಡರು, ಈ ಕಷಾಯ ಕುಡ್ಕೊಂಡು ಸಮುದ್ರ ಹೆಂಗೆ ದಾಟಿದ್ರೋ ಎಂದು. ಎಂತಹ ವಿಚಿತ್ರ ನೋಡಿ. ಅರಣ್ಯದ ಅಧಿಕಾರಿಯೂ ಅದೇ ಮಾತು, ದೊರೆಗಳೂ ಅದೇ ಮಾತು. ಬೂಟು ಕೂಡ ಸುಮಾರಾಗಿ ಅದೇ...

ಕ್ಷಮಿಸಿ.

ಒಂದು ಲೋಟ ನೀರು ಕೊಡುತ್ತೀರಾ.

ನಾನು ಇಲ್ಲಿಯವರೆಗೆ ದೊರೆಗಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬೆನ್ನು ಬಾಗಿಸಿ ನಿಂತವನಿಗೆ ಬೂಟಿಗಿಂತ ಮೇಲೆ ಏನೂ ಕಾಣುವುದಿಲ್ಲ. ಈಗ ಕಾಣುತ್ತಿದೆ. ನನ್ನ ಕಿವಿಗಳು ಇಷ್ಟು ದೊಡ್ಡದಾಗಿ ಯಾರ ಹಾಗೆ ಬಂದವು ಎಂದು ಅಮ್ಮನನ್ನು ಕೇಳಿದರೆ ಅವಳು ನಗುತ್ತಿದ್ದಳು.

ಸಭಿಕರೇ, ನಿಮ್ಮಲ್ಲಿ ಒಬ್ಬರಿಗೂ ಆಶ್ಚರ್ಯವಾದ ಹಾಗೆ ಕಾಣುತ್ತಿಲ್ಲ. ಇದು ನನಗೆ ಸ್ವಲ್ಪ ಬೇಸರದ ಸಂಗತಿ. ಹಾಸ್ಟೆಲಿನ ಹುಡುಗರಾದರೂ ಹೇಳಬಹುದಾಗಿತ್ತು.

ನಾನು ಇದನ್ನೆಲ್ಲ ಹೇಳಬೇಕೆಂದು ಬಂದವನಲ್ಲ. ಹೊಗಳಬೇಕೆಂದು ಬಂದವನು. ಆದರೆ ಚಿತ್ರಕ್ಕೆ ಅರ್ಥ ಹೇಳು ಎಂದು ನಿಲ್ಲಿಸಿದ್ದೀರಿ, ಅರ್ಥ ನನಗೆ ಈಗಷ್ಟೇ ಆಗುತ್ತಿದೆ. ಅಂದು ಬೂಟು ಹಾಕಿಕೊಂಡು ಬಂದು ತಗಡನ್ನು ನೋಡಿದವರಿಗೆ ಅದರಲ್ಲಿ ಕಂಡದ್ದು ಯುವರಾಜರ ಮದುವೆಯಲ್ಲ, ತಮ್ಮದು. ಕಾಲಡಿಯಲ್ಲಿ ಬಿದ್ದವನು ಮತ್ಸರವಲ್ಲ, ತಮ್ಮ ಮಗ. ಯಾರೋ ಬೇಕೆಂದೇ ಚುಚ್ಚುತ್ತಿದ್ದಾರೆ ಎಂದುಕೊಂಡರು. ಚುಚ್ಚಿದ್ದು ಯಾರೂ ಅಲ್ಲ. ಮೇಸ್ಟ್ರಿಗೆ ನಾನು ಯಾರ ಮಗನಾದರೂ ಒಂದೇ, ತೆಳ್ಳಗಿದ್ದೆ ಎಂದು ಮಲಗಿಸಿದರು. ಆ ತಗಡಿನಲ್ಲಿ ಒಂದೇ ಒಂದು ಗೀರು ಕೂಡ ಯಾರನ್ನೂ ಅಣಕಿಸಿದ್ದಲ್ಲ, ದೊರೆಗಳೇ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ನಾನು ಅಲ್ಲೇ ಇದ್ದೆ. ಮತ್ತು ದೊರೆಗಳೇ, ನನಗೆ ಯುವರಾಜರ ಮೇಲೆ ಮತ್ಸರವಿಲ್ಲ. ಆ ಮುಖ ಸಾಸೇಜಿನದು, ಆಗಲೇ ಹೇಳಿದೆ.

ಈಗ ಕೊನೆಯ ಮಾತು. ಕಾರ್ಯದರ್ಶಿಗಳು ಅಲ್ಲಿಂದ ಬೆರಳು ತಿರುಗಿಸುತ್ತಿದ್ದಾರೆ, ಮುಗಿಸು ಎಂದು. ಫ್ರಾವ್ ಕುಂಕೆಲ್ ಅವರು ಸೆರಗಿಲ್ಲದವರು, ಏಪ್ರನ್ನಿನಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಮೇಸ್ಟ್ರು ತಲೆ ತಗ್ಗಿಸಿದ್ದಾರೆ. ಹೇಳಿಬಿಡೋ ಎಂದು ಬೆಳಿಗ್ಗೆ ಅವರೇ ಹೇಳಿದ್ದರು, ನೀನು ಹೇಳದಿದ್ದರೆ ನಿನ್ನನ್ನೂ ಕಳಿಸುತ್ತಾರೆ, ಇಬ್ಬರು ಹೋಗುವುದಕ್ಕಿಂತ ಒಬ್ಬ ಹೋಗುವುದು ಮೇಲು ಎಂದು. ಈ ಚಿತ್ರದಲ್ಲಿ ಕೈಗಳು ತಪ್ಪಾಗಿವೆ. ಈ ತಪ್ಪು...

ಈ ತಪ್ಪು ಮೇಸ್ಟ್ರದಲ್ಲ.

ಯಾರದು ಎಂದು ನಾನು ಹೇಳುವುದಿಲ್ಲ. ಅದನ್ನು ನನಗೆ ಕಲಿಸಿಲ್ಲ. ಆದರೆ ಮೇಸ್ಟ್ರದಲ್ಲ. ಚಿತ್ರದ ಕೆಳಗೆ ನಿಂತು ಹೇಳಿದ್ದೇನೆ, ಇನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ನನ್ನ ಪೆಟ್ಟಿಗೆ ಸಣ್ಣದು, ಕಟ್ಟಲು ಹೊತ್ತು ಹಿಡಿಯುವುದಿಲ್ಲ.

ದೊರೆಗಳು ಎದ್ದರು.

ದೊರೆಗಳು ಎದ್ದ ಮೇಲೆ ಎಲ್ಲರೂ ಏಳಬೇಕು, ದಯವಿಟ್ಟು. ಬ್ಯಾರನ್ನರು ಕೂಡ. ಹಿರಿಯರ ಕೈ ಹಿಡಿದು ಎಬ್ಬಿಸಿ.

ಹಿಂದೆ ನಿಂತವರಿಗೆ ಕೇಳಿಸಿರಲಾರದು, ಆದ್ದರಿಂದ ನಾನು ಹೇಳುತ್ತೇನೆ. ದೊರೆಗಳು ಮೇಸ್ಟ್ರ ಮುಂದೆ ನಿಂತು ಹೇಳಿದ್ದು ಇಷ್ಟು: "ಕುಂಕೆಲ್, ನೀನು ಮೊದ್ಲು ಬರ್ದಿದ್ದು ಸರಿ ಇತ್ತು. ನೋಡಿದ್ದು ನಾನು ತಪ್ಪಾಗಿ. ಕೈ ಮೊದ್ಲಿನ ಹಾಗೇ ಮಾಡು. ಎಲ್ಲ ಕಡೆಗೂ ಮತ್ತೆ ಕಳ್ಸೋಣ, ನನ್ನ ಹೆಸ್ರಲ್ಲೇ." ಯುವರಾಣಿಯವರು ಬ್ಯಾರನ್ನರ ಕಿವಿಯಲ್ಲಿ ಏನೋ ಹೇಳಿದರು. ಬ್ಯಾರನ್ನರು ನಶ್ಯದ ಡಬ್ಬಿ ತೆಗೆದು ಮೊದಲು ಮೇಸ್ಟ್ರ ಮುಂದೆ ಹಿಡಿದಿದ್ದಾರೆ. ಮೇಸ್ಟ್ರಿಗೆ ನಶ್ಯ ಆಗುವುದಿಲ್ಲ, ಈಗ ಸೀನುತ್ತಿರುವುದು ಅವರೇ. ರಾಯಭಾರದ ವಿಷಯ ಇಲ್ಲಿಗೆ ಮುಗಿಯಿತೆಂದು ನಾವು ತಿಳಿಯಬಹುದು.

ದೊರೆಗಳು ಇನ್ನೂ ನಡೆಯುತ್ತಿದ್ದಾರೆ. ದಾರಿ ಬಿಡಿ. ಹಿಂದಿನ ಬಾಗಿಲ ಹತ್ತಿರ, ಹಾಸ್ಟೆಲಿನವರ ನಡುವೆ, ಬೂದು ಶಾಲು ಹೊದ್ದು ನಿಂತವಳು ನನ್ನ ಅಮ್ಮ. ದೊರೆಗಳು ಅವಳ ಮುಂದೆ ನಿಂತು ಕೈ ಚಾಚಿದ್ದಾರೆ. ಬಲಗೈಯೇ, ನಾನು ನೋಡಿದೆ. ಅಮ್ಮ ಆ ಕೈಯನ್ನು ನೋಡುತ್ತಿದ್ದಾಳೆ. ಇನ್ನೂ ನೋಡುತ್ತಿದ್ದಾಳೆ.

ಕೈ ಹಿಡಿಯಲಿಲ್ಲ. ತನ್ನ ಬುಟ್ಟಿಯನ್ನು ಆ ಕೈಗೆ ಕೊಟ್ಟಳು. ಕೊಟ್ಟು, ತಾನು ಮುಂದೆ ನಡೆದು ಬರುತ್ತಿದ್ದಾಳೆ. ದೊರೆಗಳು ಬುಟ್ಟಿ ಹಿಡಿದು ಹಿಂದೆ ಬರುತ್ತಿದ್ದಾರೆ. ಯುವರಾಜರು ತಲೆ ಬಾಗಿಸಿ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದರು. ಅವಳು ನಿಂತು ಉಚ್ಚಾರಣೆ ತಿದ್ದಿದಳು. ನನ್ನನ್ನು ಹಾದುಹೋಗುವಾಗ ತಲೆ ಬಾಚಿಕೊಂಡು ಬರಬಾರದಿತ್ತೇ ಎಂದಳು.

ಮುಂದಿನ ಸಾಲಿನಲ್ಲಿ ಖಾಲಿ ಆಸನವಿಲ್ಲ. ದೊರೆಗಳು ತಮ್ಮ ಕುರ್ಚಿಯನ್ನೇ ಅವಳಿಗೆ ಎಳೆದು ಕೊಟ್ಟಿದ್ದಾರೆ.

ಇನ್ನು ವಂದನೆಗಳು. ಮದುವೆಯಾಗಿ ನಮಗೆ ಚಿತ್ರ ಒದಗಿಸಿದ ಯುವರಾಜ ದಂಪತಿಗಳಿಗೆ, ಕೆಟ್ಟ ರಸ್ತೆಯಲ್ಲೇ ವಾಪಸು ಹೋಗಬೇಕಾದ ಬ್ಯಾರನ್ನರಿಗೆ, ಇನ್ನೂ ಸೀನುತ್ತಿರುವ ಮೇಸ್ಟ್ರಿಗೆ, ಕೋಳಿಗಳನ್ನು ಎಲ್ಲಿಗೂ ಒಯ್ಯಬೇಕಾಗಿಲ್ಲದ ಫ್ರಾವ್ ಕುಂಕೆಲ್ ಅವರಿಗೆ, ಬುಟ್ಟಿ ಹಿಡಿದು ನಿಂತಿರುವವರಿಗೆ, ಅವರನ್ನು ಏನೆಂದು ಕರೆಯಬೇಕೆಂದು ನನಗೆ ಇನ್ನೂ ಬಾಯಿ ತಿರುಗುತ್ತಿಲ್ಲ, ಮತ್ತು ನಿಮಗೆಲ್ಲರಿಗೂ. ದೊರೆಗಳು ನಿಂತಿರುವವರೆಗೆ ಬೇರೆ ಯಾರೂ ಕುಳಿತುಕೊಳ್ಳುವಂತಿಲ್ಲ ಎಂಬ ಪದ್ಧತಿ ನನಗೂ ಗೊತ್ತು, ನಿಮ್ಮ ಕಾಲು ನೋಯುತ್ತಿರಬಹುದು, ಆದ್ದರಿಂದ ಬೇಗ ಮುಗಿಸಬೇಕು. ಆದರೆ ಇಷ್ಟು ಜನ ತುಂಬಿದ ಈ ಸಭಾಂಗಣದಲ್ಲಿ ಈಗ ಕುಳಿತಿರುವುದು ನನ್ನ ಅಮ್ಮ ಒಬ್ಬಳೇ. ಅದನ್ನು ಇನ್ನೊಂದು ಗಳಿಗೆ ನೋಡಲು ಬಿಡಿ.

ಆಯಿತು. ನಮಸ್ಕಾರ.